ಬಿಳಿ ಇಲಿಗಳ ಕ್ಲಾಸ್ ಟೀಚರ್

ಮಕ್ಕಳ ಮುಖ ನೋಡಿದರೆ ಸಾಕು, ಅವರ ಹೊಟ್ಟೆಯಲ್ಲೇನಿದೆ, ತಲೆಯಲ್ಲೇನಿದೆ ಎಂದು ಹೇಳಬಲ್ಲೆ ಎಂಬ ವಿಶ್ವಾಸ ನನಗೆ ಮೊನ್ನೆ ಗಣೇಶನ ಹಬ್ಬದವರೆಗೂ ಇತ್ತು. ಸಿಂಧನೂರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ ಕೂದಲು ಕಪ್ಪಾಗಿದ್ದಾಗ ಸೇರಿ, ಬೆಳ್ಳಗಾದ ಮೇಲೆ ರಿಟೈರ್ ಆದವಳು ನಾನು. ಯಾರು ಚಾಕ್ ತಿಂದರು, ಯಾರು ಹೋಂವರ್ಕನ್ನು ಅಕ್ಕನ ಕೈಲಿ ಬರೆಸಿದರು, ಯಾರಿಗೆ ನಿಜವಾಗಿ ಹೊಟ್ಟೆನೋವು, ಯಾರಿಗೆ ಗಣಿತದ ಟೆಸ್ಟು, ಎಲ್ಲವೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಊರಿನವರು ನನ್ನನ್ನು ಇಂದಿಗೂ ‘ಇಂಗ್ಲಿಷ್ ಅಕ್ಕೋರು’ ಎಂದೇ ಕರೆಯುತ್ತಾರೆ. ಸಿಕಂದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಕಲಿತು ಬಂದವಳೆಂಬ ಮರ್ಯಾದೆ ಅದು. ಆ ಮರ್ಯಾದೆ ನನಗೂ ನನ್ನ ಮೇಲೆ ಸ್ವಲ್ಪ ಹೆಚ್ಚೇ ಇತ್ತು.

ಹಾಗಾಗಿ ಮೇಘಾ ಫೋನ್ ಮಾಡಿದಾಗ ನಾನು ಎರಡನೆಯ ಯೋಚನೆ ಮಾಡಲಿಲ್ಲ. ಮೊದಲನೆಯದನ್ನೂ ಮಾಡಲಿಲ್ಲ.

ಮೇಘಾ ನನ್ನ ತಂಗಿಯ ಮೊಮ್ಮಗಳು. ಮನೆ ಮಸ್ಕಿಯಲ್ಲಿ; ಓದು ಲಿಂಗಸೂಗೂರಿನ ಹೊರಗಿರುವ ಒಂದು ಫಾರ್ಮಸಿ ಕಾಲೇಜಿನಲ್ಲಿ.

“ಅಜ್ಜಿ, ನನ್ನ ಪ್ರಾಜೆಕ್ಟಿಗೆ ಒಬ್ರು ಅಬ್ಸರ್ವರ್ ಬೇಕಾಗ್ಯಾರ. ಸುಮ್ನ ಕುಂತು, ಸಣ್ಣವು ಏನೇನು ಮಾಡ್ತಾವ ಅಂತ ನೋಡಿ ಗುರುತು ಹಾಕೋದು. ನನ್ನ ಗೆಳತಿ ಮಾಡಾಕಿ ಇದ್ಲು, ಅಕಿಗೆ ಕಾಮಾಲಿ ಆಗಿ ಊರಿಗೆ ಹೋಗ್ಯಾಳ. ನಿಮಗ ಆಗ್ತದೇನ್ರಿ?”

“ಡಿಯರ್, ಅದನ್ನ ಬಿಟ್ಟು ಜೀವನದಾಗ ನಾ ಇನ್ನೇನು ಮಾಡೀನಿ?” ಎಂದು ಫೋನ್ ಇಟ್ಟೆ. ಸಣ್ಣವು ಎಂದರೆ ಯಾವ ಶಾಲೆಯವು ಎಂದು ಕೇಳಲು ಮರೆತದ್ದು ನೆನಪಾಗಿ ನಾನೇ ಮತ್ತೆ ಫೋನ್ ಮಾಡಿದೆ.

“ಇಲಿ ಮರಿ, ಅಜ್ಜಿ,” ಎಂದಳು ಮೇಘಾ. “ಬಿಳೇವು.”

ಈಗ ನಮ್ಮ ಯಜಮಾನರ ವಿಷಯ ಹೇಳಬೇಕು. ಬಸವರಾಜಪ್ಪನವರಿಗೆ ಜವಳಗೇರಾ ಕಡೆ ಕಾಲುವೆ ನೀರಿನ ಗದ್ದೆ, ಮನೆಯ ಹಿಂದೆ ಭತ್ತದ ಗೋದಾಮು. ಅವರ ಜೀವನಚರಿತ್ರೆ ಎಂದರೆ ಇಲಿಗಳೊಡನೆ ನಡೆದ ಒಂದು ದೀರ್ಘ ಯುದ್ಧ. ಅಂಗಡಿಗೆ ಹೋದರೂ ಇಲಿ ಪಾಷಾಣ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಹೆಸರೆತ್ತಿದರೆ ಅವಕ್ಕೆ ಕೇಳಿಸಿ ಹುಷಾರಾಗುತ್ತವೆ ಎಂದು ಅವರ ತಂದೆಯ ಕಾಲದಿಂದ ನಂಬಿಕೆ. “ಆ ಸಾಮಾನು ಕೊಡಪಾ” ಎಂದು ಕಣ್ಣು ಹೊಡೆಯುತ್ತಾರೆ. ಅಂಗಡಿಯವನೂ ಕಣ್ಣು ಹೊಡೆದು ಕೊಡುತ್ತಾನೆ. ಮನೆಯಲ್ಲಿ ಇಲಿಗಳಿಗೆ ‘ಆ ಮಂದಿ’ ಎಂದು ಹೆಸರು.

“ರೀ, ನಾಳಿಯಿಂದ ನಾ ಲಿಂಗಸೂಗೂರಿಗೆ ಹೋಗಬೇಕ್ರಿ. ಅಲ್ಲಿ ಇಲಿ...”

“ಶ್!” ಯಜಮಾನರು ಗೋದಾಮಿನ ಕಡೆ ಕಣ್ಣು ಹಾಯಿಸಿದರು. “ಸಾವಕಾಶ ಮಾತಾಡು!”

ನಾನು ಕಿವಿಯಲ್ಲಿ ಪಿಸುಗುಟ್ಟಿ ವಿವರಿಸಿದೆ. 

“ಅಂದ್ರ, ನಾ ಹುಟ್ಟಿದಾಗಿನಿಂದ ಅವನ್ನ ಕೊಲ್ಲಾಕತ್ತೀನಿ. ನೀ ಹೋಗಿ ಅವಕ್ಕ ಪ್ರೋಗ್ರೆಸ್ ಕಾರ್ಡ್ ಬರಿಯಾಕಿ?”

“ಇವು ಬ್ಯಾರೆ ರೀ. ಬಿಳೇವು. ಕಾಲೇಜಿನಾಗ ಇರೋವು.”

“ಏನರ ಮಾಡ್ಕೊ. ಆದ್ರ ಅಲ್ಲಿಯವಕ್ಕ ಹಾಸಿಗಿ ಹಾಸಿ, ಹೊತ್ತಿಗೆ ಸರಿಯಾಗಿ ಕಾಳು ಹಾಕಿ ಸೇವಾ ಮಾಡ್ತಾರನ್ನೋ ಹಕೀಕತ್ತು ನಮ್ಮ ಮಂದಿಗೆ ಗೊತ್ತಾಗಬಾರದು. ನಾಳಿ ಇವೂ ಹಠ ಮಾಡ್ತಾವ.”

ಮರುದಿನ ಲ್ಯಾಬಿನಲ್ಲಿ ಮೇಘಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ತಿಳಿಸಿ ಹೇಳಿದಳು. ಕೆಲವು ಮಕ್ಕಳು ಒಂದು ಕಡೆ ಕೂರುವುದಿಲ್ಲ, ಗಮನ ನಿಲ್ಲುವುದಿಲ್ಲ. ಅಂಥವರಿಗೆ ಡಾಕ್ಟರು ಒಂದು ಬಗೆಯ ಔಷಧ ಕೊಡುತ್ತಾರಂತೆ. ಮಿದುಳನ್ನು ಚುರುಕು ಮಾಡುವ ಔಷಧ; ಆದರೆ ಅದನ್ನು ಕುಡಿದ ಚುರುಕು ಹುಡುಗ ಸುಮ್ಮನೆ ಕೂರುತ್ತಾನಂತೆ! ಅದೇ ಔಷಧ ಎಳೆಯ ಮರಿಗಳ ಆಟ, ನಿದ್ದೆ, ಜಗಳಗಳ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬುದು ಮೇಘಾಳ ಪ್ರಾಜೆಕ್ಟು. ಔಷಧ ಕುಡಿದ ಮರಿಗಳು ಒಂದರ ಮೇಲೊಂದು ಬಿದ್ದು ಉರುಳಾಡುವುದನ್ನು ಕಡಿಮೆ ಮಾಡುತ್ತವೆ ಎಂದು ಓದಿದ್ದಳು. ಅದು ನಿಜವೇ ಎಂದು ನೋಡಬೇಕಿತ್ತು.

ಪಂಜರ ಎರಡು. ನನ್ನ ಕುರ್ಚಿಯ ಬಲಗೈ ಪಕ್ಕಕ್ಕೆ ಕೆಂಪು ಟೇಪು ಅಂಟಿಸಿದ್ದು. ಕೋಣೆಯ ಆ ತುದಿಗೆ, ಕಿಟಕಿ ಹತ್ತಿರ, ನೀಲಿ ಟೇಪಿನದು. ಒಂದರ ಕುಡಿಯುವ ನೀರಿನಲ್ಲಿ ಔಷಧ, ಇನ್ನೊಂದಕ್ಕೆ ಬರೀ ನೀರು. ಯಾವುದರಲ್ಲಿ ಏನು ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಾಗಬಾರದು. ನೀರು ಕಲಸಿಟ್ಟು ಹೋದ ಗೈಡ್ ಸರ್‌ಗೆ ಮಾತ್ರ ಗೊತ್ತು. ಅವರು ಹಬ್ಬಕ್ಕೆ ಊರಿಗೆ ಹೋಗಿದ್ದರು.

“ಗೊತ್ತಿದ್ರ ನಮ್ಮ ಕಣ್ಣು ನಮಗ ಬೇಕಾದ್ದನ್ನೇ ನೋಡ್ತಾವ, ಅಜ್ಜಿ. ಅದಕ್ಕ ಹಿಂಗ. ನೀವು ಮಾತಾಡಬ್ಯಾಡ್ರಿ, ಮುಟ್ಟಬ್ಯಾಡ್ರಿ, ತಿನ್ನಾಕ ಏನೂ ಕೊಡಬ್ಯಾಡ್ರಿ. ನೋಡೋದು, ಗುರುತು ಹಾಕೋದು. ಅಷ್ಟ.” ಆಮೇಲೆ ದನಿ ತಗ್ಗಿಸಿದಳು. “ಇದು ಸರಿ ಆಗಲಿಲ್ಲಂದ್ರ ಇನ್ನೊಂದು ವರ್ಷ ಕೂಡಬೇಕಾಗ್ತದ. ಅಪ್ಪ ಹೇಳೇ ಬಿಟ್ಟಾನ, ಈ ಸಲ ಮುಗಿಲಿಲ್ಲಂದ್ರ ಓದು ಸಾಕು, ಮದಿವಿ ಅಂತ. ವರನ್ನ ಸೈತ ನೋಡಿಟ್ಟಾನ.”

“ಲೀವ್ ಇಟ್ ಟು ಮೀ, ಡಿಯರ್,” ಎಂದೆ.

ಇತಿಹಾಸದಲ್ಲಿ ಅನೇಕ ಸಾಮ್ರಾಜ್ಯಗಳು ಇದೇ ವಾಕ್ಯದ ನಂತರ ಮುಳುಗಿರಬೇಕು.

ಮೊದಲ ದಿನ ನಾನು ನಿಯಮಗಳನ್ನು ಅಕ್ಷರಶಃ ಪಾಲಿಸಿದೆ. ಅಂದರೆ, ಮೇಘಾ ಕೋಣೆಯಲ್ಲಿ ಇರುವವರೆಗೆ. ಅವಳು ಲೈಬ್ರರಿಗೆ ಹೋದದ್ದೇ ತಡ, ನೀಲಿ ಪಂಜರದವು ಒಂದನ್ನೊಂದು ಕೆಡವಿ, ಕಿವಿ ಕಚ್ಚಿ, ಬಾಲ ಎಳೆದು ಗದ್ದಲ ಶುರು ಮಾಡಿದವು. ತರಗತಿಯಲ್ಲಿ ಕುಸ್ತಿ ನಡೆಯುತ್ತಿರುವಾಗ ಒಬ್ಬ ಟೀಚರ್ ಸುಮ್ಮನೆ ಗುರುತು ಹಾಕುತ್ತ ಕೂರಲು ಸಾಧ್ಯವೇ? ಛತ್ರಿಯ ತುದಿಯಿಂದ ನೆಲಕ್ಕೆ ಟಕ್ ಟಕ್ ಬಡಿದು, “ಸೈಲೆನ್ಸ್!” ಎಂದೆ.

ಕೆಂಪು ಪಂಜರದವು ತಕ್ಷಣ ಕಲ್ಲಾದವು. ನೀಲಿಯವು ತಿರುಗಿಯೂ ನೋಡಲಿಲ್ಲ.

ಆಹಾ! ಎಂದುಕೊಂಡೆ. ವ್ಯತ್ಯಾಸ ಕಣ್ಣಿಗೇ ರಾಚುತ್ತಿದೆಯಲ್ಲ. ಕೆಂಪಿನವು ಶಿಸ್ತಿನ ಸಿಪಾಯಿಗಳು. ಆಟವಿಲ್ಲ, ಉರುಳಾಟವಿಲ್ಲ; ಹುಲ್ಲಿನಲ್ಲಿ ಮುಖ ಹುದುಗಿಸಿ ಧ್ಯಾನ. ನೀಲಿಯವು ಪುಂಡರು. ಔಷಧ ಯಾರ ಹೊಟ್ಟೆಗೆ ಹೋಗಿದೆ ಎಂದು ಹೇಳಲು ಗೈಡ್ ಸರ್ ಯಾಕೆ ಬೇಕು? ಮೇಘಾ ಕೊಟ್ಟ ಹಾಳೆಯಲ್ಲಿ ಬರೀ ಗೆರೆ ಎಳೆಯುವುದು ನನ್ನ ವಿದ್ಯೆಗೆ ಅವಮಾನ ಅನ್ನಿಸಿತು. ಅಂಚಿನಲ್ಲಿ ರಿಮಾರ್ಕ್ ಬರೆದೆ. ‘ರೆಡ್: ಎಕ್ಸಲೆಂಟ್ ಕಾಂಡಕ್ಟ್. ಬ್ಲೂ: ಪೇರೆಂಟ್ಸ್ ಟು ಮೀಟ್ ಕ್ಲಾಸ್ ಟೀಚರ್.’

ಕೆಂಪು ಪಂಜರದಲ್ಲಿ ಒಂದು ಪುಟ್ಟ ಮರಿ ಇತ್ತು. ಉಳಿದವುಗಳ ಜೊತೆಯೂ ಸೇರದೆ ದೂರದ ಮೂಲೆಯಲ್ಲಿ ಬೆನ್ನು ಹಾಕಿ ಕೂತಿರುತ್ತಿತ್ತು. ಕಾನ್ವೆಂಟಿನ ಬೋರ್ಡಿಂಗಿಗೆ ನನ್ನನ್ನು ಬಿಟ್ಟು ಅಪ್ಪ ರೈಲು ಹತ್ತಿದ ದಿನ ನಾನೂ ಡಾರ್ಮಿಟರಿಯ ಮೂಲೆಯಲ್ಲಿ ಹೀಗೇ ಬೆನ್ನು ಹಾಕಿ ಕೂತಿದ್ದೆ. ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ; ಜೋಳದ ರೊಟ್ಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿಲ್ಲದೆ ಹಸಿದುಕೊಂಡೇ ಮಲಗಿದೆ. ಸಿಸ್ಟರ್ ಆಗ್ನೆಸ್ ತಮ್ಮ ಬಿಳಿ ನಿಲುವಂಗಿಯ ಜೇಬಿನಿಂದ ಒಂದು ಟಾಫಿ ತೆಗೆದು, ಯಾರೂ ನೋಡದಂತೆ ನನ್ನ ಕೈಯಲ್ಲಿಟ್ಟು ಹೋಗಿದ್ದರು. ಆ ಟಾಫಿಯ ರುಚಿ ಈಗಲೂ ನಾಲಗೆಯ ಮೇಲಿದೆ. ಹಲ್ಲು ಮಾತ್ರ ಇಲ್ಲ.

ಮೂಲೆಯ ಮರಿಗೆ ‘ಲಿಟಲ್ ಮಿಸ್’ ಎಂದು ಹೆಸರಿಟ್ಟೆ. ಪಂಜರಕ್ಕೆ ಮುಖ ತಾಗಿಸಿ, “ಡೋಂಟ್ ಕ್ರೈ, ಲಿಟಲ್ ಮಿಸ್, ಐ ಆಮ್ ಹಿಯರ್,” ಎಂದು ಧೈರ್ಯ ಹೇಳಿದೆ. ಅದು ಮೂಲೆಗೆ ಇನ್ನಷ್ಟು ಒತ್ತಿಕೊಂಡಿತು. ನಾಚಿಕೆ ಎಂದುಕೊಂಡೆ.

ಎರಡನೆಯ ದಿನ ಕಂಡದ್ದು ಇನ್ನೂ ಘೋರ. ಯಾವನೋ ಕಿಡಿಗೇಡಿ ವಿದ್ಯಾರ್ಥಿ ಮರಿಗಳ ಬಾಲಕ್ಕೆಲ್ಲ ಮಸಿ ಬಳಿದಿದ್ದ. ಕೆಂಪು ಪಂಜರದವಕ್ಕೆ ಕೆಂಪು, ನೀಲಿಯವಕ್ಕೆ ನೀಲಿ. ನಮ್ಮ ಕಾನ್ವೆಂಟಿನಲ್ಲಿ ಬೆರಳಿಗೆ ಮಸಿ ಹತ್ತಿದ್ದರೆ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಮುಟ್ಟಬೇಡಿ ಎಂದು ಮೇಘಾ ಹೇಳಿದ್ದು ನಿಜ. ಆದರೆ ಅದು ವಿನಾಕಾರಣ ಮುಟ್ಟುವುದರ ಬಗ್ಗೆ. ಇಲ್ಲಿ ಕಾರಣವಿತ್ತು, ಕ್ಲೀನ್ಲಿನೆಸ್! ಅಟೆಂಡರ್ ಯಂಕಪ್ಪನನ್ನು ಕರೆದು ಒಂದೊಂದೇ ಮರಿಯನ್ನು ಹಿಡಿಯಲು ಹೇಳಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಎಲ್ಲ ಬಾಲಗಳನ್ನೂ ಫಳಫಳ ಹೊಳೆಯುವಂತೆ ಒರೆಸಿದೆ.

“ಅಕ್ಕೋರ, ಮೇಘಾ ಮೇಡಂಗ ಕೇಳಿದ್ದಿರೇನ್ರಿ?” ಎಂದ ಯಂಕಪ್ಪ.

“ಹಬ್ಬಕ್ಕ ಸರ್‌ಪ್ರೈಸ್,” ಎಂದೆ.

ಆ ಸಂಜೆ ಉತ್ಸಾಹ ತಡೆಯಲಾರದೆ ಗೈಡ್ ಸರ್‌ಗೆ ವಾಟ್ಸ್ಯಾಪಿನಲ್ಲಿ ನೇರ ಸಂದೇಶ ಕಳಿಸಿದೆ. ಹಿಂದೆಯೇ ಅವರು ನನ್ನ ವಿಷಯ ಕೇಳಿ, “ಟೀಚರ್ ಆಗಿದ್ದವರು ಅಂದ್ರ ತಾಳ್ಮಿ ಇರ್ತದ, ಕೂಡಲಿ,” ಎಂದು ಒಪ್ಪಿಗೆ ಕೊಟ್ಟಿದ್ದರಂತೆ. ಅವರ ವಿಶ್ವಾಸಕ್ಕೆ ಋಣಿಯಾಗಿರಬೇಕಲ್ಲ? ‘ರೆಸ್ಪೆಕ್ಟೆಡ್ ಸರ್, ಔಷಧ ಇರುವುದು ಕೆಂಪು ಪಂಜರದ ನೀರಿನಲ್ಲಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅವುಗಳ ನಡತೆಯಲ್ಲಿ ಆಗಿರುವ ಸುಧಾರಣೆ ಅದ್ಭುತ. ಈ ಔಷಧ ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಗಂಟಲು ಉಳಿಯುತ್ತಿತ್ತು.’

ಉತ್ತರವಾಗಿ ಕೈ ಮುಗಿದ ಒಂದು ಚಿತ್ರ ಬಂತು. ಅಷ್ಟೇ. ಮೆಚ್ಚುಗೆಯಿಂದ ಮಾತೇ ಹೊರಟಿಲ್ಲ ಎಂದುಕೊಂಡೆ.

ಮರುದಿನ ಚೌತಿ. ಅದರ ಮರುದಿನ ನಮ್ಮ ಕಡೆ ಇಲಿವಾರ. ಗಣಪ್ಪ ಉಂಡ ಮೇಲೆ ಅವನ ವಾಹನವೂ ಉಣ್ಣಬೇಕಲ್ಲ! ಆ ದಿನ ಇಲಿಗೆ ಬೈಯುವಂತಿಲ್ಲ, ಬೋನು ಇಡುವಂತಿಲ್ಲ, ಬಟ್ಟೆಗೆ ಕತ್ತರಿ ತಾಗಿಸುವಂತಿಲ್ಲ. ಕಡುಬು ಮಾಡಿ ಮೂಲೆಯಲ್ಲಿಟ್ಟು ಕೈ ಮುಗಿಯಬೇಕು. ಇಲ್ಲದಿದ್ದರೆ ವರ್ಷವಿಡೀ ಸೀರೆ, ಚೀಲ, ಭತ್ತ ಒಂದೂ ಉಳಿಯುವುದಿಲ್ಲ. ಯಜಮಾನರು ಬೆಳಿಗ್ಗೆಯೇ ಬೋನುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಮಡಿಯುಟ್ಟು, ಗೋದಾಮಿನ ಬಾಗಿಲಲ್ಲಿ ಕಡುಬಿನ ತಟ್ಟೆ ಇಟ್ಟು, “ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ,” ಎಂದು ಅಡ್ಡಬಿದ್ದರು. ಕದನವಿರಾಮ! ಮರುದಿನ ಮತ್ತೆ ಪಾಷಾಣ.

ಆ ತಟ್ಟೆ ನೋಡಿದಾಗ ನನ್ನ ಕಣ್ಣ ಮುಂದೆ ಲಿಟಲ್ ಮಿಸ್ ಬಂದಳು. ಇಡೀ ಜಿಲ್ಲೆಯ ಕಳ್ಳ ಇಲಿಗಳಿಗೆಲ್ಲ ಇವತ್ತು ಕಡುಬು. ಪಾಪ, ಬೋರ್ಡಿಂಗಿನಲ್ಲಿರುವ ಆ ಬಿಳಿ ಕೂಸುಗಳಿಗೆ ಯಾರಿದ್ದಾರೆ? ತಿನ್ನಲು ಏನೂ ಕೊಡಬೇಡಿ ಎಂದಿದ್ದಳು ಮೇಘಾ. ಆದರೆ ಸಿಸ್ಟರ್ ಆಗ್ನೆಸ್‌ಗೂ ಯಾರೋ ಹಾಗೆ ಹೇಳಿರಬೇಕು! ಟಿಫಿನ್ ಡಬ್ಬಿಯಲ್ಲಿ ಕಡುಬು ತುಂಬಿಕೊಂಡು ಲಿಂಗಸೂಗೂರಿನ ಬಸ್ಸು ಹತ್ತಿದೆ.

ಪಕ್ಕದ ಸೀಟಿನಲ್ಲಿ ನಮ್ಮ ಓಣಿಯ ಶಂಕ್ರಮ್ಮ ಕೂತಿದ್ದರು. ಲಿಂಗಸೂಗೂರಿನ ಮಗಳ ಮನೆಗೆ ಹೊರಟಿದ್ದರು. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಕಡುಬಿನ ಬುಟ್ಟಿ, ಬಾಯಿಗೆ ಬೀಗವಿಲ್ಲ.

“ಡಬ್ಬ್ಯಾಗ ಏನ್ರಿ ಅಕ್ಕೋರ?”

“ಕಡುಬು. ಕಾಲೇಜಿನ ಇಲಿ ಮರಿಗೆ.”

“ಕಾಲೇಜಿನಾಗೂ ಇಲಿ ಅದಾವೇನ್ರಿ?”

“ಬೆಳ್ಳಗ ಅದಾವ. ಹಾಲಿನಂಗ. ಕಣ್ಣು ಮಾಣಿಕ್ಯದಂಗ ಕೆಂಪು.”

ಶಂಕ್ರಮ್ಮನ ಬಾಯಿ ತೆರೆದೇ ಇತ್ತು. “ಯವ್ವಾ! ಬಿಳಿ ಇಲಿ! ಇಲಿವಾರದ ದಿನ! ಸಾಕ್ಷಾತ್ ಗಣಪ್ಪನ ಗಾಡಿ ಲಿಂಗಸೂಗೂರಾಗ ಬಂದು ನಿಂತೈತಿ, ನೀವು ಒಬ್ಬರ ಹೊಂಟೀರಲ್ರಿ!” ಹೇಳುವಾಗ ದನಿ ಎಂಥದ್ದೆಂದರೆ, ಮುಂದಿನ ಸೀಟಿನ ಮುದುಕ ತಿರುಗಿದ, ಅವನ ಮುಂದಿನವಳು ತಿರುಗಿದಳು, ಮಸ್ಕಿ ಬರುವಷ್ಟರಲ್ಲಿ ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಮಸ್ಕಿಯಲ್ಲಿ ಹತ್ತಿದವರಿಗೆ ಇಳಿದವರು ಹೇಳಿ ಹೋದರು. ಒಬ್ಬಾಕೆ ಓಡಿಹೋಗಿ ಬಾಳೆಹಣ್ಣು, ಊದಬತ್ತಿ ತಂದಳು.

ಕಾಲೇಜಿನ ಮುಂದೆ ಕಂಡಕ್ಟರ್ ಸೀಟಿ ಊದಿದ. “ಬಿಳಿ ಇಲಿ ಇಳಿಯೋರು ಲಗೂನ ಇಳೀರಿ!”

ಅರ್ಧ ಬಸ್ಸು ಇಳಿಯಿತು.

ಯಂಕಪ್ಪ ಗೇಟಿನಲ್ಲಿ ತಡೆಯುತ್ತಾನೆ ಎಂದು ನನಗೆ ಭರವಸೆ ಇತ್ತು. “ಯಾರ್ರಿ ಇವರೆಲ್ಲ? ರಜಾ ಐತಿ!” ಎಂದು ಗುಡುಗಿದ. ಶಂಕ್ರಮ್ಮ ಅವನ ಕೈಯಲ್ಲೊಂದು ಕಡುಬು ಇಟ್ಟು, “ಇಷ್ಟು ದಿನ ಆ ದೇವರ ಸೇವಾ ಮಾಡೀಯಪಾ, ನೀ ಪುಣ್ಯವಂತ,” ಎಂದರು. ಯಂಕಪ್ಪ ತನ್ನ ಕೆಲಸವನ್ನು ಆ ದೃಷ್ಟಿಯಿಂದ ಎಂದೂ ನೋಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು. “ಚಪ್ಪಲಿ ಹೊರಗ ಬಿಡ್ರಿ,” ಎಂದು ಬಾಗಿಲು ತೆರೆದ.

ಮೇಘಾ ಮಸ್ಕಿಯಲ್ಲಿ ಮನೆಯ ಪೂಜೆ ಮುಗಿಸಿ ಬರುವವಳಿದ್ದಳು. ಅಷ್ಟರೊಳಗೆ ಎಲ್ಲರನ್ನೂ ಹೊರಗೆ ಕಳಿಸಬೇಕು. ಐದು ನಿಮಿಷದ ದರ್ಶನ, ಗೋ, ಗೋ! ನಾನು ಕಟ್ಟುನಿಟ್ಟಾಗಿಯೇ ಇದ್ದೆ. ಯಾರೋ ಊದಬತ್ತಿ ಹಚ್ಚಲು ಹೋದಾಗ, “ನೋ! ಇದು ಲ್ಯಾಬೊರೇಟರಿ!” ಎಂದು ಕಸಿದುಕೊಂಡೆ. ಅಷ್ಟರ ಮಟ್ಟಿಗೆ ವಿಜ್ಞಾನವನ್ನು ಕಾಪಾಡಿದೆ.

ನಾನು ಕೆಂಪು ಪಂಜರದ ಬಾಗಿಲು ತೆಗೆದು ಲಿಟಲ್ ಮಿಸ್‌ಗೆಂದು ಕಡುಬು ಮುರಿಯುವಾಗ ಶಂಕ್ರಮ್ಮ ನನ್ನ ಕೈ ಹಿಡಿದರು.

“ಅಕ್ಕೋರ, ಇವಕ್ಕ ಇಲ್ಲಿ, ಅವಕ್ಕ ಅಲ್ಲಿ, ಇದೇನ್ರಿ ಇದು? ಯಾಕ ಬ್ಯಾರೆ ಬ್ಯಾರೆ ಇಟ್ಟಾರ?”

“ಇವರ ನೀರು ಬ್ಯಾರೆ, ಅವರ ನೀರು ಬ್ಯಾರೆ, ಶಂಕ್ರಮ್ಮ. ಅದು ರಿಸರ್ಚ್.”

ಎಂಥ ಮಾತು ನನ್ನ ಬಾಯಿಂದ ಹೊರಟಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

“ಬ್ಯಾರೆ ನೀರು?” ಶಂಕ್ರಮ್ಮನ ದನಿ ನಡುಗಿತು. “ಶರಣರ ಮನಿಯಾಕಿ ನೀವು! ಇವರು ಕುಡಿಯೋ ನೀರು ಅವರಿಗೆ ಬ್ಯಾಡ, ಅವರು ಕುಡಿಯೋದು ಇವರಿಗೆ ಬ್ಯಾಡ ಅಂತ ಪಂಕ್ತಿಭೇದ ಮಾಡ್ತೀರೇನ್ರಿ? ಅದೂ ಹಬ್ಬದ ದಿನ? ದೇವರ ಮುಂದ ಎಲ್ಲಾರೂ ಒಂದ ಸಾಲಿನಾಗ ಕೂಡಬೇಕು. ಮನಿಸ್ಯಾ ಆದ್ರೇನು, ಇಲಿ ಆದ್ರೇನು?”

“ಬರೋಬ್ಬರಿ ಹೇಳಿದಿರಿ!” ಎಂದ ಬಸ್ಸಿನ ಮುದುಕ.

ನಾನೇ ಶಾಲೆಯಲ್ಲಿ ಪ್ರತಿವರ್ಷ ಬಸವ ಜಯಂತಿಗೆ ಇದೇ ವಿಷಯದ ಮೇಲೆ ಭಾಷಣ ಮಾಡಿದವಳು. ನನ್ನ ಭಾಷಣಕ್ಕೆ ನಾನೇ ಎದುರು ನಿಲ್ಲುವುದು ಹೇಗೆ? ಉತ್ತರ ಹುಡುಕುವಷ್ಟರಲ್ಲಿ ಯಂಕಪ್ಪ ಮರಿಗಳು ಓಡಾಡಲು ಬಿಡುವ ದೊಡ್ಡ ಟಬ್ಬನ್ನು ನಡುವೆ ತಂದಿಟ್ಟ. ಕೆಂಪಿನವನ್ನು ಒಬ್ಬರು, ನೀಲಿಯವನ್ನು ಇನ್ನೊಬ್ಬರು ಎತ್ತಿ ಎತ್ತಿ ಅದರೊಳಗೆ ಬಿಟ್ಟರು. ಕಡುಬು ಬಿತ್ತು. ಬಾಳೆಹಣ್ಣು ಬಿತ್ತು. ಅರಿಶಿನ, ಕುಂಕುಮ ಬಿತ್ತು. ಎಲ್ಲ ಜಾತಿಯ, ಎಲ್ಲ ನೀರಿನ ಮರಿಗಳೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ನಾನೂ ಒಂದು ಕ್ಷಣ ಕೈ ಮುಗಿದೆ.

ಅದೇ ಕ್ಷಣದಲ್ಲಿ ನನಗೆ ಬಾಲಗಳ ಮಸಿ ನೆನಪಾಯಿತು.

ಯಾರೂ ತುಂಟತನಕ್ಕೆ ಬಳಿದದ್ದಲ್ಲ ಅದು. ಅಕಸ್ಮಾತ್ ಬೆರೆತರೆ ಯಾವುದು ಯಾವ ಪಂಜರದ್ದು ಎಂದು ತಿಳಿಯಲೆಂದು ಹಾಕಿದ ಗುರುತು. ನಾನು ಅದನ್ನು ಸ್ಪಿರಿಟ್ ಹಾಕಿ ಒರೆಸಿದ್ದೆ. ಫಳಫಳ ಹೊಳೆಯುವಂತೆ!

“ಸ್ಟಾಪ್!” ಎಂದು ಕೂಗಿದೆ. “ಎಲ್ಲಾರೂ ಹೊರಗ ನಡೀರಿ!”

ಜನ ವರಾಂಡಕ್ಕೆ ಹೋದರು. ನಾನು ಟಬ್ಬಿನ ಮೇಲೆ ಬಾಗಿದೆ. ಹೆದರಬೇಕಾಗಿಲ್ಲ, ಸುಮಂಗಲಾ, ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಟೀಚರ್. ಕಾಂಡಕ್ಟ್ ನೋಡಿ ಬೇರೆ ಮಾಡು. ಶಾಂತವಾಗಿರುವವು ಕೆಂಪು, ಪುಂಡರು ನೀಲಿ. ಸಿಂಪಲ್!

ಆದರೆ ಟಬ್ಬಿನಲ್ಲಿ ಈಗ ಪುಂಡರೇ ಇರಲಿಲ್ಲ. ಕಡುಬು ತಿಂದ ಮರಿಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ಮಲಗಿದವು. ಹಬ್ಬದೂಟದ ನಂತರದ ನಮ್ಮ ನೆಂಟರಂತೆ. ಚುರುಕಿನ ಔಷಧಕ್ಕೂ ಬೆಲ್ಲದ ಹೂರಣಕ್ಕೂ ನೇರ ಪಂದ್ಯ ನಡೆದು ಹೂರಣ ಗೆದ್ದಿತ್ತು. ಲಿಟಲ್ ಮಿಸ್ ಎಲ್ಲಿ? ಎಲ್ಲರೂ ಹಳದಿ, ಎಲ್ಲರೂ ಕೆಂಪು. ಬಾಲವನ್ನು ಬೆರಳಿನಿಂದ ತಟ್ಟಿ, “ರೆಡ್ ಆರ್ ಬ್ಲೂ?” ಎಂದು ಕೇಳಿದೆ. ಒಂದು ಮರಿ ಆಕಳಿಸಿತು.

ಅಷ್ಟರಲ್ಲಿ ಮೇಘಾ ಬಂದಳು.

ಅವಳು ವರಾಂಡದಲ್ಲಿ ಚಪ್ಪಲಿಗಳ ರಾಶಿ ನೋಡಿದಳು. ಯಂಕಪ್ಪ ಸಾಲು ಹಚ್ಚಿ ಪ್ರಸಾದ ಹಂಚುವುದನ್ನು ನೋಡಿದಳು. ಖಾಲಿ ಪಂಜರಗಳನ್ನು ನೋಡಿದಳು. ಟಬ್ಬಿನಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ ತನ್ನ ಭವಿಷ್ಯವನ್ನು ನೋಡಿದಳು. ಒಂದನ್ನು ಎತ್ತಿ ಬಾಲ ತಿರುಗಿಸಿದಳು.

“ಅಜ್ಜಿ, ಬಾಲದ ಮಸಿ ಎಲ್ಲಿ?”

“ಒರೆಸೀನಿ, ಡಿಯರ್,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಕುರ್ಚಿಯಲ್ಲಿ ಕುಸಿದು ಕೂತು, ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಅತ್ತಳು. “ಹೋತು ಅಜ್ಜಿ. ಈಗ ಯಾವುದು ಔಷಧ ಕುಡಿದೈತಿ, ಯಾವುದು ಇಲ್ಲ ಅಂತ ಆ ಗಣಪ್ಪನಿಗೂ ಗೊತ್ತಾಗಂಗಿಲ್ಲ. ಅಪ್ಪನಿಗೆ ಏನ್ ಹೇಳಲಿ?”

ಬಾಗಿಲಲ್ಲಿ ಇಣುಕಿದ ಶಂಕ್ರಮ್ಮನ ಮುಖ ಸಣ್ಣದಾಯಿತು. “ನಾವೇನೋ ತಪ್ಪು ಮಾಡೀವಿ ಕಾಣ್ತದ, ಅಕ್ಕೋರ,” ಎಂದರು. ನಾವು ಎಂದದ್ದು ಅವರ ದೊಡ್ಡತನ.

ಗೈಡ್ ಸರ್‌ಗೆ ನಾನೇ ಫೋನ್ ಮಾಡಿದೆ. ಸ್ಪೀಕರ್ ಹಾಕಿ, ಎಲ್ಲವನ್ನೂ ಹೇಳಿದೆ. ಬಾಲ, ಬಸ್ಸು, ಪಂಕ್ತಿ, ಕಡುಬು. “ಸರ್, ತಪ್ಪೆಲ್ಲ ನಂದು. ಹುಡುಗಿಯ ವರ್ಷ ಹಾಳು ಮಾಡಬ್ಯಾಡ್ರಿ. ಏನು ಪನಿಶ್‌ಮೆಂಟ್ ಕೊಡ್ತೀರೋ ನನಗ ಕೊಡ್ರಿ.”

ಆ ಕಡೆಯಿಂದ ಯಾರೋ ಕೆಮ್ಮಿದಂತೆ ಕೇಳಿಸಿತು. ನಗು ತಡೆಯುವ ಕೆಮ್ಮು ಯಾವುದು ಎಂದು ಟೀಚರ್‌ಗೆ ಗೊತ್ತಾಗುತ್ತದೆ.

“ಮೇಘಾ, ಅಳಬ್ಯಾಡ. ಏನೂ ಆಗಿಲ್ಲ,” ಎಂದರು ಸರ್. “ನಾ ಇನ್ನೂ ಔಷಧ ಹಾಕೇ ಇಲ್ಲ.”

“ಸರ್?”

“ಹೊಸಾ ಅಬ್ಸರ್ವರ್ ಬರ್ತಾರಂದಿ. ಅವರ ಕಣ್ಣು ಹೆಂಗೈತಿ ಅಂತ ಮೊದಲು ನೋಡಬೇಕಲ್ಲ? ಹಬ್ಬ ಮುಗಿಯೋತನ ಎರಡೂ ಪಂಜರಕ್ಕ ಬರೀ ನೀರು ಇಟ್ಟು ಬಂದೀನಿ. ಮರಿ ಎಲ್ಲಾ ಒಂದ ಇದ್ದಂಗ. ಬಾಲಕ್ಕ ಹೊಸಾದಾಗಿ ಮಸಿ ಹಚ್ಚು, ಒಂದು ವಾರ ಬರೀ ಅವುಗಳ ಕಾಳು ಹಾಕು, ಕಡುಬು ಕರಗಲಿ. ಆಮ್ಯಾಲ ಶುರು ಮಾಡೋಣು. ವಾರ ಹೋತು, ವರ್ಷ ಉಳೀತು.”

ಮೇಘಾ ಅಳುತ್ತಲೇ ನಕ್ಕಳು. ವರಾಂಡದಲ್ಲಿ ಶಂಕ್ರಮ್ಮ, “ಗಣಪ್ಪ ಕೈಬಿಡಲಿಲ್ಲ!” ಎಂದು ಘೋಷಿಸಿದರು. ಎಲ್ಲರೂ ಸಂತೋಷಪಟ್ಟರು, ನನ್ನನ್ನು ಬಿಟ್ಟು. ನನಗೆ ನಿಧಾನಕ್ಕೆ ಒಂದು ವಿಷಯ ಅರ್ಥವಾಗುತ್ತಿತ್ತು.

“ಸರ್,” ಎಂದೆ, “ಎರಡರಾಗೂ ಬರೀ ನೀರು ಅಂದ್ರ, ಕೆಂಪು ಪಂಜರದವು ಅಷ್ಟು ಸುಮ್ಮನ ಯಾಕ ಕೂಡ್ತಿದ್ವು?”

ಮತ್ತೆ ಆ ಕೆಮ್ಮು. “ಮೇಡಂ, ಅದನ್ನೇ ನಾನೂ ಯೋಚನೆ ಮಾಡಾಕತ್ತಿದ್ದೆ. ಕೆಂಪು ಪಂಜರ ಎಲ್ಲಿತ್ರಿ?”

“ನನ್ನ ಕುರ್ಚಿ ಬಾಜೂಕ,” ಎಂದೆ.

ಬಾಗಿಲಿಗೆ ಬಂದು ನಿಂತಿದ್ದ ಯಂಕಪ್ಪ ಮೂಲೆಗೆ ಒರಗಿಸಿದ್ದ ನನ್ನ ಛತ್ರಿಯ ಕಡೆ ನೋಡಿದ.

ಅಂದರೆ ಇಡೀ ಪ್ರಯೋಗದಲ್ಲಿ ಎಳೆಯ ಪ್ರಾಣಿಗಳ ವರ್ತನೆಯ ಮೇಲೆ ಗಣನೀಯ ಪರಿಣಾಮ ಬೀರಿದ ಏಕೈಕ ವಸ್ತು ನಾನು! ಹತ್ತಿರವಿದ್ದವು ನನಗೆ ಹೆದರಿ ಉಸಿರು ಬಿಗಿಹಿಡಿದು ಕೂತಿದ್ದವು. ದೂರವಿದ್ದವು ಸುಖವಾಗಿದ್ದವು. ಲಿಟಲ್ ಮಿಸ್ ತೌರುಮನೆ ನೆನೆದು ಮೂಲೆ ಸೇರಿರಲಿಲ್ಲ. ಪಂಜರದಲ್ಲಿ ನನ್ನಿಂದ ಅತ್ಯಂತ ದೂರದ ಜಾಗ ಅದೊಂದೇ ಆಗಿತ್ತು. ಕೈ ಮುಗಿದ ಚಿತ್ರದ ಅರ್ಥವೂ ಆಗಲೇ ಆಯಿತು.

ನನ್ನ ಕುರ್ಚಿಯಲ್ಲಿ ಈಗ ಮೇಘಾ ತನ್ನ ಹಳೆಯ ಮೊಬೈಲನ್ನು ಒಂದು ಸ್ಟ್ಯಾಂಡಿಗೆ ಸಿಗಿಸಿ ಇಟ್ಟಿದ್ದಾಳೆ. ಅದು ವಿಡಿಯೋ ಮಾಡುತ್ತದೆ. ಮಾತಾಡುವುದಿಲ್ಲ, ಬಾಲ ಒರೆಸುವುದಿಲ್ಲ, ಬಸ್ಸಿನಲ್ಲಿ ಯಾರನ್ನೂ ಕರೆತರುವುದಿಲ್ಲ. ನನಗಿಂತ ಬಹಳ ಒಳ್ಳೆಯ ಅಬ್ಸರ್ವರ್ ಎಂದು ಸರ್ ಹೇಳಿದರಂತೆ. ಅದಕ್ಕೆ ಕಾನ್ವೆಂಟ್ ಎಜುಕೇಶನ್ ಕೂಡ ಇಲ್ಲ!

ಅವತ್ತು ಸಂಜೆ ನಾನು ಮನೆಗೆ ಬಂದು ಕೂತಾಗ ಯಜಮಾನರು ಉಳಿದ ಕಡುಬು ತಟ್ಟೆಗೆ ಹಾಕಿಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಎಲ್ಲವನ್ನೂ ಹೇಳಿದೆ. ಇಲಿವಾರ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಪಿಸುಗುಟ್ಟುವ ಅಗತ್ಯವಿರಲಿಲ್ಲ.

ಅವರು ಒಂದು ಕಡುಬು ಪೂರ್ತಿ ನುಂಗಿದ ಮೇಲೆ ಕೇಳಿದರು. “ಎರಡೂ ಪಂಜರದಾಗ ಬರೀ ನೀರು ಇತ್ತು?”

“ಹೌದ್ರಿ.”

“ನಿನಗ ಮಾತ್ರ ಫರಕು ಕಾಣಿಸ್ತು?”

“ಹೌದ್ರೀ, ಎಷ್ಟು ಸಲ ಹೇಳಲಿ?”

“ಅಲ್ಲ, ಮದಿವಿ ಆದಾಗಿನಿಂದ ನೀ ನನಗ ‘ಡಲ್, ನೀಡ್ಸ್ ಇಂಪ್ರೂವ್‌ಮೆಂಟ್’ ಅಂತ ರಿಮಾರ್ಕ್ ಕೊಡಾಕತ್ತೀಯಲ್ಲ...” ಎಂದು ತಟ್ಟೆ ಎತ್ತಿಕೊಂಡು ಎದ್ದರು. ಕೋಣೆಯ ಆ ತುದಿಗೆ, ಕಿಟಕಿ ಹತ್ತಿರ ಹೋಗಿ ಕುಳಿತರು.

ಸ್ವಲ್ಪ ಹೊತ್ತಿಗೆ ಕಾಲು ಅಲ್ಲಾಡಿಸತೊಡಗಿದರು. ಇನ್ನೂ ಸ್ವಲ್ಪ ಹೊತ್ತಿಗೆ ಯಾವುದೋ ಹಳೆಯ ಹಾಡು ಗುನುಗತೊಡಗಿದರು. ಅವರಿಗೆ ಹಾಡು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನನ್ನ ಕೈ ತಾನಾಗಿ ಛತ್ರಿಯ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆಳೆದು, ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿ ಕೂತೆ. ವೆರಿ ಗುಡ್ ಕಾಂಡಕ್ಟ್!